ನೆಂಟರ ಮನೆಗೆ ಪಡುವಣ ದಾರಿ: ಒಂದು ಊರು, ನಾಲ್ಕು ವಿಳಾಸ

ಮಳೆಗಾಲ ಬಂತೆಂದರೆ ಜಿಲ್ಲಾ ಸ್ಟ್ರಿಂಗರ್‌ಗಳಾದ ನಮಗೆ ಒಂದು ಖಾಯಂ ಕೆಲಸ. ಬೆಳಿಗ್ಗೆ ಎದ್ದು ಫೋನ್ ಮಾಡಿ ಅಣೆಕಟ್ಟೆಗಳ ನೀರಿನ ಮಟ್ಟ ಕೇಳಿ ಬರೆದುಕೊಂಡು ಡೆಸ್ಕಿಗೆ ಕಳಿಸುವುದು. ‘ಲಿಂಗನಮಕ್ಕಿ: ಗರಿಷ್ಠ ಮಟ್ಟ 1819 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು’. ಪತ್ರಿಕೆಯಲ್ಲಿ ಅದು ಒಂದೂವರೆ ಸಾಲು. ಹೆಚ್ಚಿನವರು ಅದನ್ನು ಓದುವುದೂ ಇಲ್ಲ.

ನಮ್ಮ ಮನೆಯಲ್ಲಿ ಒಬ್ಬರು ಮಾತ್ರ ತಪ್ಪದೆ ಓದುತ್ತಾರೆ, ಅಮ್ಮ. ಅವರು ಹುಟ್ಟಿದ ಊರು ಆ ನೀರಿನಡಿ ಇದೆ. ಬೇಸಿಗೆಯಲ್ಲಿ ಅಂಕಿ ಇಳಿದರೆ ‘ಈಗ ದೇವರಬನ ಕಂಡೀತು’ ಎನ್ನುತ್ತಾರೆ. ಇನ್ನೂ ಇಳಿದರೆ ‘ಬಾವಿಕಟ್ಟೆ ಕಂಡೀತು’. ಆಗಸ್ಟಿನಲ್ಲಿ ಏರತೊಡಗಿದರೆ ಏನೂ ಹೇಳುವುದಿಲ್ಲ, ಪೇಪರು ಮಡಚಿಡುತ್ತಾರೆ.

ಕಳೆದ ವರ್ಷ, ಅಂದರೆ 2025ರ ಸೀಗಿ ಹುಣ್ಣಿಮೆಗೆ ನಾವಿಬ್ಬರು ಅಣ್ಣತಮ್ಮಂದಿರು ಅಮ್ಮನನ್ನು ಕೂರಿಸಿಕೊಂಡು ಹೊರಟೆವು. ಶಿವಮೊಗ್ಗದಿಂದ ಹೊನ್ನಾವರದವರೆಗೆ ಪಡುವಣಕ್ಕೆ ಸುಮಾರು 160 ಕಿಲೋಮೀಟರು. ಬಸ್ಸಿನಲ್ಲಿ ಅರ್ಧ ದಿನದ ದಾರಿಗೆ ನಾವು ನಾಲ್ಕು ದಿನ ಇಟ್ಟುಕೊಂಡೆವು. ದಾರಿಯಲ್ಲಿ ನಾಲ್ಕು ಮನೆ ನೆಂಟರು: ಆಯನೂರಿನ ಹತ್ತಿರ ಮಾವ, ಸಾಗರದಲ್ಲಿ ಚಿಕ್ಕಮ್ಮ, ತುಮರಿ ಕಡೆ ಅತ್ತೆ, ಹೊನ್ನಾವರದಲ್ಲಿ ದೊಡ್ಡಮ್ಮ. ತಮ್ಮನ ಹಳೇ ಕಾರು, ಡಿಕ್ಕಿಯಲ್ಲಿ ಒಂದು ಚೀಲ ಅಕ್ಕಿ, ಎರಡು ಗೊನೆ ಬಾಳೆಕಾಯಿ. ಅವಸರವಿಲ್ಲ ಎಂದು ಮೊದಲೇ ಮಾತಾಗಿತ್ತು.

ಹೊರಡುವ ಮುನ್ನ ಅಮ್ಮ ಒಂದು ಮಾತು ಹೇಳಿದರು. ಅವರು ಚಿಕ್ಕವರಿದ್ದಾಗ ಈ ನಾಲ್ಕರಲ್ಲಿ ಮೂರು ಮನೆಗೆ ಹೋಗಿಬರಲು ಒಂದು ಬೆಳಗು ಸಾಕಾಗುತ್ತಿತ್ತಂತೆ. ಗದ್ದೆ ಬದುವಿನ ಮೇಲೆ ನಡೆದು, ಸಾರು ಆರುವ ಮುಂಚೆ ವಾಪಸು ಬರುತ್ತಿದ್ದರಂತೆ. ಹತ್ತು ನಿಮಿಷದ ದಾರಿಗೆ ಈಗ ಎರಡು ಟ್ಯಾಂಕ್ ಪೆಟ್ರೋಲು ಯಾಕೆ ಬೇಕಾಯಿತು ಎಂಬುದೇ ಈ ಬರಹ.

ಮಾವನ ಮನೆಯ ಕಾಗದಗಳು

ಶಿವಮೊಗ್ಗ ಬಿಟ್ಟು ತ್ಯಾವರೆಕೊಪ್ಪ ದಾಟಿದರೆ ರಸ್ತೆಯ ಎರಡೂ ಬದಿ ಕಾಡು, ನೆಡುತೋಪು, ನಡುವೆ ಜೋಳದ ಹೊಲ. ಆಯನೂರಿನಿಂದ ಒಳಕ್ಕೆ ತಿರುಗಿದರೆ ಸಾಲುಮನೆಗಳ ಊರುಗಳು ಸಿಗುತ್ತವೆ. ನೋಡಿದ ಕೂಡಲೇ ಗೊತ್ತಾಗುತ್ತದೆ, ಇವು ತಾವಾಗಿ ಬೆಳೆದ ಊರುಗಳಲ್ಲ. ಮಲೆನಾಡಿನ ಊರಿನಲ್ಲಿ ಮನೆಗೂ ಮನೆಗೂ ನಡುವೆ ತೋಟ ಇರುತ್ತದೆ, ಹಳ್ಳ ಇರುತ್ತದೆ. ಇಲ್ಲಿ ಗೆರೆ ಎಳೆದು ಕೂರಿಸಿದ ಹಾಗೆ ಮನೆಗಳು.

ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಪೂರ್ಣಗೊಂಡಿತು. ಅದಕ್ಕೂ ಮುಂಚಿನ ಕೆಲವು ವರ್ಷ ಶರಾವತಿ ಕಣಿವೆಯಿಂದ ಲಾರಿಗಳು ಮೇಲೆ ಬರುತ್ತಿದ್ದವು. ಒಂದೊಂದರಲ್ಲಿ ಒಂದೆರಡು ಸಂಸಾರ, ದನಕರು, ಬಿಚ್ಚಿದ ಮನೆಯ ತೊಲೆ, ಹೆಂಚು, ಒರಳುಕಲ್ಲು. ಮಾವ ಆಗ ಹತ್ತು ವರ್ಷದ ಹುಡುಗ. ‘ಲಾರಿ ನಿಂತಲ್ಲಿ ಇಳಿ ಅಂದ್ರು. ಇಳಿದು ನೋಡಿದ್ರೆ ಬರೀ ಕಾಡು. ನಮ್ಮಪ್ಪ ಮೊದಲು ಕೇಳಿದ್ದು, ಹೊಳೆ ಯಾವ ಕಡೆ ಅಂತ’ ಎಂದು ನಕ್ಕರು. ಹೊಳೆ ಇರಲಿಲ್ಲ. ನೀರಿಗೆ ಹೆದರಿ ಎದ್ದು ಬಂದವರು ಮೊದಲ ಬೇಸಿಗೆಯಲ್ಲಿ ಕುಡಿಯುವ ನೀರಿಗೆ ಮೈಲಿಗಟ್ಟಲೆ ನಡೆದರು.

ಊಟವಾದ ಮೇಲೆ ಮಾವ ಟ್ರಂಕು ತೆಗೆದರು. ಮುಳುಗಡೆ ಸಂತ್ರಸ್ತರ ಮನೆಗಳಲ್ಲೆಲ್ಲ ಇಂಥದ್ದೊಂದು ಟ್ರಂಕು ಇರುತ್ತದೆ ಎಂಬುದು ನಮ್ಮ ಅನುಭವ. ಅದರೊಳಗೆ ಮಂಜೂರಾತಿ ಚೀಟಿ, ಕಂದಾಯದ ರಸೀದಿ, ಅರ್ಜಿಗಳ ಕಾರ್ಬನ್ ಪ್ರತಿ, ಪಾದಯಾತ್ರೆಯ ಕರಪತ್ರ. ಅರುವತ್ತು ವರ್ಷ ಉತ್ತ ನೆಲ ಅದು. ದಾಖಲೆಯಲ್ಲಿ ಮಾತ್ರ ಅರಣ್ಯ.

ವಿಷಯ ತಿಳಿಯದವರಿಗೆ ಚುಟುಕಾಗಿ ಹೇಳಬೇಕೆಂದರೆ ಇಷ್ಟು. ಸಂತ್ರಸ್ತರಿಗೆ ಕಾಡಿನ ಜಾಗ ತೋರಿಸಿ ಕೂರಿಸಿದರು. ಆ ಜಾಗವನ್ನು ಅರಣ್ಯದ ಲೆಕ್ಕದಿಂದ ತೆಗೆಯುವ ಕೆಲಸ ಆಗಲೇ ಮುಗಿಯಬೇಕಿತ್ತು, ಮುಗಿಯಲಿಲ್ಲ. 1980ರಲ್ಲಿ ಅರಣ್ಯ ಸಂರಕ್ಷಣಾ ಕಾಯ್ದೆ ಬಂತು. ಅಲ್ಲಿಂದ ಮುಂದೆ ಕಾಡಿನ ನೆಲವನ್ನು ಬೇರೆ ಕೆಲಸಕ್ಕೆ ಬಿಡಲು ಕೇಂದ್ರದ ಒಪ್ಪಿಗೆ ಬೇಕು. ಆಮೇಲೆ ರಾಜ್ಯ ಹೊರಡಿಸಿದ ಡಿನೋಟಿಫಿಕೇಶನ್ ಆದೇಶಗಳು ಹೈಕೋರ್ಟಿನಲ್ಲಿ ನಿಲ್ಲಲಿಲ್ಲ. ಕಾಯ್ದೆ ಬರುವುದಕ್ಕೆ ಹದಿನಾರು ವರ್ಷ ಮುಂಚೆ ಲಾರಿಯಿಂದ ಇಳಿದವರು ಇವತ್ತು ಒತ್ತುವರಿದಾರರ ಸಾಲಿನಲ್ಲಿ ನಿಂತಿದ್ದಾರೆ.

ಮಾವ ಕಳೆದ ಬಾರಿ ಒಂದು ಕಚೇರಿಗೆ ಹೋಗಿದ್ದಾಗ ‘ನೀವು ಮುಳುಗಡೆಯವರು ಅನ್ನೋದಕ್ಕೆ ಪುರಾವೆ ಏನು?’ ಎಂದು ಕೇಳಿದರಂತೆ. ‘ಪುರಾವೆ ನೀರೊಳಗಿದೆ ಸ್ವಾಮಿ, ಬೇಸಿಗೇಲಿ ಬನ್ನಿ ತೋರಿಸ್ತೀನಿ ಅಂದೆ’ ಎಂದರು. ಅಮ್ಮ ನಗಲಿಲ್ಲ.

ಕೊಳಗದ ಜಗಳ ನಡೆದ ನಾಡಿನಲ್ಲಿ

ಕುಂಸಿ, ಚೋರಡಿ, ಆನಂದಪುರ. ಈ ರಸ್ತೆಯ ಪಕ್ಕದಲ್ಲೇ ತಾಳಗುಪ್ಪದ ರೈಲು ಹಳಿ ಓಡುತ್ತದೆ. ಮೀಟರ್ ಗೇಜ್ ಕಾಲದಲ್ಲಿ ಇದರ ಮೇಲೆ ಬಸ್ಸಿನಂಥ ಒಂಟಿ ಬೋಗಿಯ ರೈಲ್‌ಬಸ್ ಓಡುತ್ತಿದ್ದುದು ನಮ್ಮ ವಯಸ್ಸಿನವರಿಗೂ ನೆನಪಿದೆ. ಚೋರಡಿಯಲ್ಲಿ ಕುಮುದ್ವತಿ ಸೇತುವೆಯ ಬಳಿ ಕಾರು ನಿಲ್ಲಿಸಿ ಚಹಾ ಕುಡಿದೆವು. ಮಧ್ಯಾಹ್ನಕ್ಕೆ ಸಾಗರ.

ಚಿಕ್ಕಮ್ಮನ ಮನೆಯಲ್ಲಿ ಇಳಿದು ಸಂಜೆ ಇಕ್ಕೇರಿಗೆ ಹೋದೆವು. ಅಘೋರೇಶ್ವರ ದೇವಸ್ಥಾನದ ಎದುರಿನ ಹುಲ್ಲಿನ ಮೇಲೆ ಕುಳಿತರೆ, ಇದೊಂದು ರಾಜಧಾನಿಯಾಗಿತ್ತು ಎಂದು ನಂಬುವುದು ಕಷ್ಟ. 1623ರಲ್ಲಿ ಪಿಯೆತ್ರೊ ದೆಲ್ಲಾ ವಲ್ಲೆ ಎಂಬ ಇಟಲಿಯ ಪ್ರವಾಸಿ ಗೋವೆಯ ಪೋರ್ಚುಗೀಸ್ ರಾಯಭಾರಿಯ ಜೊತೆ ಇಲ್ಲಿಗೆ ಬಂದಿದ್ದ. ಕೆಳದಿಯ ವೆಂಕಟಪ್ಪ ನಾಯಕನ ಕಾಲ ಅದು. ನಾವು ಹೊರಟ ದಾರಿಯಲ್ಲೇ, ಆದರೆ ತಿರುಗುಮುರುಗಾಗಿ ಬಂದವನು ಅವನು. ಹೊನ್ನಾವರದಿಂದ ದೋಣಿಯಲ್ಲಿ ಗೇರುಸೊಪ್ಪೆ, ಅಲ್ಲಿಂದ ಘಟ್ಟ ಹತ್ತಿ ಇಕ್ಕೇರಿ. ಕರಾವಳಿಗೂ ಮಲೆನಾಡಿಗೂ ನಡುವೆ ಮೆಣಸು, ಅಕ್ಕಿ, ಉಪ್ಪು, ಸೈನ್ಯ, ಮದುವೆ ದಿಬ್ಬಣ ಎಲ್ಲವೂ ಇಂಥ ಘಟ್ಟದ ದಾರಿಗಳಲ್ಲೇ ಹತ್ತಿ ಇಳಿಯುತ್ತಿದ್ದವು. ಇತಿಹಾಸದ ಪುಸ್ತಕದಲ್ಲಿ ಸೈನ್ಯಕ್ಕೆ ಜಾಗ ಇದೆ. ದಿಬ್ಬಣಕ್ಕಿಲ್ಲ.

ಸಾಗರಕ್ಕೆ ಬಂದ ಮೇಲೆ ಕಾಗೋಡಿನ ಮಾತು ಬರದೆ ಇರುವುದಿಲ್ಲ. 1951ರಲ್ಲಿ ಈ ತಾಲ್ಲೂಕಿನ ಕಾಗೋಡಿನ ಗೇಣಿದಾರರು ಒಡೆಯರ ವಿರುದ್ಧ ನಿಂತರು. ಜಗಳದ ಮೂಲ ಒಂದು ಅಳತೆಯ ಪಾತ್ರೆ. ಗೇಣಿ ಭತ್ತ ಅಳೆಯಲು ಒಡೆಯರು ಬಳಸುತ್ತಿದ್ದ ಕೊಳಗ ಸರ್ಕಾರಿ ಅಳತೆಗಿಂತ ದೊಡ್ಡದು. ಎಚ್. ಗಣಪತಿಯಪ್ಪ ರೈತ ಸಂಘ ಕಟ್ಟಿ ಮುಂದೆ ನಿಂತರು, ಶಾಂತವೇರಿ ಗೋಪಾಲಗೌಡ ಮೊದಲಾದ ಸಮಾಜವಾದಿಗಳು ಜೊತೆಗೂಡಿದರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಆ ಹೋರಾಟ ಬಿತ್ತಿದ್ದು 1974ರಲ್ಲಿ, ದೇವರಾಜ ಅರಸರ ಕಾಲದ ಭೂಸುಧಾರಣೆಯಲ್ಲಿ ತೆನೆಗಟ್ಟಿತು ಎಂದು ನಾವೆಲ್ಲ ಪಾಠದಲ್ಲಿ ಓದಿದ್ದೇವೆ. ಉಳುವವನೇ ಹೊಲದೊಡೆಯನಾದ.

ಎಲ್ಲ ಉಳುವವರೂ ಆಗಲಿಲ್ಲ ಎಂಬುದು ನಮಗೆ ಸರಿಯಾಗಿ ಹೊಳೆದದ್ದು ಆ ರಾತ್ರಿ, ಚಿಕ್ಕಮ್ಮನ ಮನೆಯ ಜಗಲಿಯಲ್ಲಿ. ಅಮ್ಮನ ಅಪ್ಪ, ಅಂದರೆ ನಮ್ಮಜ್ಜ, ಗೇಣಿದಾರ. ನಾಲ್ಕು ಎಕರೆ ಗದ್ದೆಯನ್ನು ಅವರ ಅಪ್ಪನ ಕಾಲದಿಂದ ಉಳುತ್ತಿದ್ದರು. ಪಹಣಿಯಲ್ಲಿ ಹೆಸರು ಒಡೆಯರದು. ಮುಳುಗಡೆಯ ಪರಿಹಾರ ಹೋದದ್ದು ಪಹಣಿಯ ಹೆಸರಿಗೆ. ಅಜ್ಜನಿಗೆ ಸಿಕ್ಕಿದ್ದು ಮನೆಯ ತೊಲೆ, ಹೆಂಚಿನ ಲೆಕ್ಕ ಮತ್ತು ಲಾರಿ. ಊರು ಉಳಿದಿದ್ದರೆ ಹತ್ತೇ ವರ್ಷಕ್ಕೆ, 1974ರಲ್ಲಿ, ಆ ನಾಲ್ಕು ಎಕರೆ ಅಜ್ಜನ ಹೆಸರಿಗೆ ಬರುತ್ತಿತ್ತು. ಕಾನೂನು ಬರುವಷ್ಟರಲ್ಲಿ ಗದ್ದೆಯ ಮೇಲೆ ಹತ್ತಾಳು ನೀರು.

ಸಾಗರದ ಈಚೆಗಿನ ಊರುಗಳಲ್ಲಿ ಅದೇ ಜಾತಿಯ, ಅದೇ ಕಷ್ಟದ, ಅದೇ ಗೇಣಿಯ ಸಂಸಾರಗಳು ಇವತ್ತು ಅಡಿಕೆ ತೋಟ ಮಾಡಿಕೊಂಡಿವೆ. ಆಚೆ ದಡದವರು ಟ್ರಂಕು ಹಿಡಿದು ಕಚೇರಿ ಸುತ್ತುತ್ತಿದ್ದಾರೆ. ಈ ಎರಡು ಸಂಸಾರಗಳ ನಡುವಿನ ವ್ಯತ್ಯಾಸ ಶ್ರಮದ್ದಲ್ಲ, ಜಾಣತನದ್ದೂ ಅಲ್ಲ. 1819 ಅಡಿಯ ಗೆರೆಯ ಯಾವ ಕಡೆ ಇದ್ದರು ಎಂಬುದು ಮಾತ್ರ.

ಸೇತುವೆ ದಾಟಿದ ಹೆಡಿಗೆ

ಮೂರನೇ ದಿನ ಬೆಳಿಗ್ಗೆ ಆವಿನಹಳ್ಳಿ ಮೇಲೆ ಅಂಬಾರಗೋಡ್ಲಿಗೆ ಹೊರಟೆವು. ಹಿನ್ನೀರಿನ ಆಚೆಯ ಕರೂರು ಮತ್ತು ಬಾರಂಗಿ ಹೋಬಳಿಗಳನ್ನು ಜನ ದ್ವೀಪ ಎಂದೇ ಕರೆಯುತ್ತಾರೆ. ಸಾಗರದವರೇ ಆದ ನಾ. ಡಿಸೋಜ ಅವರ ‘ದ್ವೀಪ’ ಕಾದಂಬರಿ, ಅದನ್ನು ಆಧರಿಸಿ ಗಿರೀಶ ಕಾಸರವಳ್ಳಿ ಮಾಡಿದ ಸಿನಿಮಾ ಇಂಥ ನೀರಿನ ನಡುವಿನ ಬದುಕಿನದ್ದೇ. ಮೂರು ದಿಕ್ಕಿಗೆ ನೀರು, ಒಂದು ದಿಕ್ಕಿಗೆ ಘಟ್ಟದ ಕಾಡು. ತಾಲ್ಲೂಕು ಕೇಂದ್ರಕ್ಕೆ ಬರಬೇಕೆಂದರೆ ಲಾಂಚು.

ಆ ಲಾಂಚಿನ ಮೇಲೆ ನಾವು ಎಷ್ಟು ಸುದ್ದಿ ಬರೆದಿದ್ದೇವೋ ಲೆಕ್ಕವಿಲ್ಲ. ಬೇಸಿಗೆಯಲ್ಲಿ ನೀರು ಇಳಿದು ವಾಹನ ಹತ್ತಿಸುವುದು ನಿಂತಾಗ ಒಂದು, ಸಿಗಂದೂರು ಜಾತ್ರೆಯ ಜನ ತುಂಬಿ ಸ್ಥಳೀಯರಿಗೆ ಜಾಗ ಸಿಗದಾಗ ಒಂದು. ಸಂಜೆಯ ಕೊನೆಯ ಲಾಂಚು ಹೋದರೆ ಆಚೆಯವರು ಆಚೆ, ಈಚೆಯವರು ಈಚೆ. ಅತ್ತೆಯ ಮಗಳಿಗೆ ಹೆರಿಗೆ ನೋವು ಬಂದದ್ದು ಅಂಥದೊಂದು ರಾತ್ರಿ. ಬೆಳಗಿನ ತನಕ ದಡದಲ್ಲಿ ಕಾದರು. ಮಗು ಉಳಿಯಲಿಲ್ಲ. ಅದನ್ನು ನಾವು ಸುದ್ದಿ ಮಾಡಲಿಲ್ಲ, ಅತ್ತೆ ಬೇಡ ಎಂದಿದ್ದರು. ಇಷ್ಟನ್ನು ಬರೆಯಲು ಈಗ ಅವರೇ ಒಪ್ಪಿದ್ದಾರೆ.

2025ರ ಜುಲೈ 14ರಂದು ಇಲ್ಲಿ ಸೇತುವೆ ಉದ್ಘಾಟನೆಯಾಯಿತು. ಅಂಬಾರಗೋಡ್ಲು–ಕಳಸವಳ್ಳಿ ನಡುವೆ ಎರಡು ಕಿಲೋಮೀಟರಿಗೂ ಮೀರಿದ ಉದ್ದ, ನಡುವೆ ಕೇಬಲ್ ಹಿಡಿದು ನಿಲ್ಲಿಸಿದ ಭಾಗ. ನಾವು ಹೋದಾಗ ಸೇತುವೆಯ ಮೇಲೆ ಸೆಲ್ಫಿ ತೆಗೆಯುವವರ ಸಾಲೇ ಇತ್ತು. ತಮ್ಮ ಕಾರು ನಿಧಾನ ಮಾಡಿದ. ಅಮ್ಮ ಕಿಟಕಿಯಿಂದ ಬಗ್ಗಿ ಕೆಳಗೆ ನೋಡುತ್ತಿದ್ದರು. ಅಕ್ಟೋಬರ್, ಕಟ್ಟೆ ತುಂಬಿತ್ತು. ಎಲ್ಲಿ ನೋಡಿದರೂ ನೀರು. ‘ಯಾವ ಕಡೆ ಅಮ್ಮ?’ ಎಂದು ಕೇಳಿದೆವು. ಕೈ ಎತ್ತಿ ಒಂದು ದಿಕ್ಕು ತೋರಿಸಿದರು, ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ದಿಕ್ಕು. ಗುಡ್ಡಗಳ ತುದಿ ಮಾತ್ರ ಉಳಿದಿರುವಾಗ ಬುಡದ ಗುರುತು ಹಿಡಿಯುವುದು ಹೇಗೆ? ಐದು ನಿಮಿಷಕ್ಕೆ ಸೇತುವೆ ಮುಗಿಯಿತು. ಅರುವತ್ತು ವರ್ಷ ಕಾದ ದಾರಿ ಅದು.

ಅತ್ತೆಯ ಮನೆಯಲ್ಲಿ ಅಂದು ರಾತ್ರಿ ಯಾರೂ ಮಲಗಲಿಲ್ಲ. ಸೀಗಿ ಹುಣ್ಣಿಮೆಯನ್ನು ನಮ್ಮ ಕಡೆ ಭೂಮಿ ಹುಣ್ಣಿಮೆ ಎನ್ನುತ್ತೇವೆ. ಹೊಡೆ ಬಿಚ್ಚುವ ಗದ್ದೆಯನ್ನು ಬಸುರಿ ಎಂದು ತಿಳಿದು ಬಯಕೆ ಊಟ ಬಡಿಸುವ ಹಬ್ಬ. ಕೆಮ್ಮಣ್ಣು ಬಳಿದು ಬಿಳಿ ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯಲ್ಲಿ ಅಡುಗೆ ತುಂಬಿ, ಬೆಳಕು ಹರಿಯುವ ಮುನ್ನ ಗದ್ದೆಗೆ ಹೊತ್ತೊಯ್ಯಬೇಕು. ಹೆಂಗಸರು ನಡುರಾತ್ರಿಗೇ ಎದ್ದು ಸೊಪ್ಪು ಬೇಯಿಸುತ್ತಾರೆ, ಕಡುಬು ಮಾಡುತ್ತಾರೆ. ಬುಟ್ಟಿಯ ಚಿತ್ತಾರ ಬರೆದದ್ದು ಅಮ್ಮ ಮತ್ತು ಅತ್ತೆ. ಆ ಗೆರೆಗಳು ಮುಳುಗಿದ ಊರಿನ ಗೋಡೆಯ ಮೇಲೆ ಅವರಿಬ್ಬರೂ ಅಜ್ಜಿಯಿಂದ ಕಲಿತವು.

ನಸುಕಿನಲ್ಲಿ ಗದ್ದೆಗೆ ಹೋದೆವು. ಎಡೆ ಇಟ್ಟು, ಊಟದ ತುತ್ತನ್ನು ಗದ್ದೆಗೆ ಬೀರಿದರು. ಅಲ್ಲಿಂದ ಇನ್ನೂರು ಹೆಜ್ಜೆಗೆ ಹಿನ್ನೀರು. ಅಮ್ಮ ಒಂದು ಎಲೆಯಲ್ಲಿ ಸ್ವಲ್ಪ ಅನ್ನ, ಕಡುಬು ಎತ್ತಿಕೊಂಡು ದಡಕ್ಕೆ ಹೋಗಿ ನೀರಿಗೆ ಬಿಟ್ಟು ಬಂದರು. ಯಾರೂ ಏನೂ ಕೇಳಲಿಲ್ಲ. ಅವರ ಗದ್ದೆಗೂ ಬಯಕೆ ತಲುಪಬೇಕಲ್ಲ.

ಎರಡು ಸಲ ಎದ್ದವರು

ಮತ್ತೆ ಸೇತುವೆ ದಾಟಿ, ಸಾಗರಕ್ಕೆ ಬಂದು, ತಾಳಗುಪ್ಪದ ಮೇಲೆ ಜೋಗಕ್ಕೆ. ರಾಜ, ರಾಣಿ, ರೋರರ್, ರಾಕೆಟ್ ನೋಡಲು ನಿಂತವರ ನಡುವೆ ನಾವೂ ನಿಂತೆವು. 253 ಮೀಟರ್ ಎತ್ತರದಿಂದ ಬೀಳುವ ನೀರು ಇದು. ಅಮ್ಮನಿಗೆ ಜಲಪಾತಕ್ಕಿಂತ ಕಡಲೆಕಾಯಿ ಮಾರುವವಳ ಜೊತೆ ಮಾತಾಡುವುದು ಹೆಚ್ಚು ಇಷ್ಟವಾಯಿತು. ಅವಳೂ ಮುಳುಗಡೆಯವಳೇ.

ಜೋಗದ ವಿದ್ಯುತ್ತಿನ ಕಥೆ ಲಿಂಗನಮಕ್ಕಿಗಿಂತ ಹಳೆಯದು. ಮೈಸೂರು ಸಂಸ್ಥಾನದ ಕಾಲದಲ್ಲೇ ಶುರುವಾದ ಕೆಲಸ 1948ರಲ್ಲಿ ಮುಗಿದು ವಿದ್ಯುತ್ ಬಂತು. ಮೊದಲು ಕೃಷ್ಣರಾಜೇಂದ್ರರ ಹೆಸರಿದ್ದ ಆ ಕೇಂದ್ರಕ್ಕೆ ಆಮೇಲೆ ಮಹಾತ್ಮ ಗಾಂಧಿಯವರ ಹೆಸರಾಯಿತು. ಅದರ ನೀರಿಗಾಗಿ ಮಡೇನೂರಿನಲ್ಲಿ ಕಟ್ಟಿದ್ದು ಹಿರೇಭಾಸ್ಕರ ಅಣೆಕಟ್ಟು, ತನ್ನಷ್ಟಕ್ಕೆ ನೀರು ಹೊರಹಾಕುವ ಸೈಫನ್‌ಗಳಿಗೆ ಹೆಸರಾದದ್ದು. 1964ರಲ್ಲಿ ಲಿಂಗನಮಕ್ಕಿ ತುಂಬಿದಾಗ ಆ ಅಣೆಕಟ್ಟೇ ಮುಳುಗಿತು. ಮಳೆ ಕೈಕೊಟ್ಟ ವರ್ಷ ಬೇಸಿಗೆಯಲ್ಲಿ ಅದು ಇಡಿಯಾಗಿ ಎದ್ದು ನಿಲ್ಲುತ್ತದೆ, ಜನ ಜಾತ್ರೆಯಂತೆ ನೋಡಲು ಹೋಗುತ್ತಾರೆ, ನಾವು ಫೋಟೊ ಸಮೇತ ವರದಿ ಕಳಿಸುತ್ತೇವೆ.

ನಮ್ಮಜ್ಜ ಎರಡು ಸಲ ಎದ್ದವರು. ಮೊದಲ ಕಟ್ಟೆಯ ನೀರು ಬಂದಾಗ ತಗ್ಗಿನ ಮನೆ ಬಿಟ್ಟು ಮೇಲಿನ ಊರಿಗೆ ಬಂದರು. ಎರಡನೇ ಕಟ್ಟೆಗೆ ಅದನ್ನೂ ಬಿಟ್ಟರು. ಶರಾವತಿ ವಿದ್ಯುದಾಗಾರದ ಹತ್ತು ಘಟಕಗಳ ಒಟ್ಟು ಸಾಮರ್ಥ್ಯ 1035 ಮೆಗಾವಾಟ್. ರಾಜ್ಯದ ಕಾರ್ಖಾನೆಗಳು, ಬೆಂಗಳೂರಿನ ದೀಪಗಳು ಬಹುಕಾಲ ಇದರ ಮೇಲೇ ನಿಂತಿದ್ದವು. ಅದನ್ನು ಅಲ್ಲಗಳೆಯುವವರು ನಾವಲ್ಲ, ನಮ್ಮ ಪತ್ರಿಕೆಯೂ ವಿದ್ಯುತ್ತಿನಲ್ಲೇ ಅಚ್ಚಾಗುವುದು. ಅಜ್ಜ ಲಾರಿಯಿಂದ ಇಳಿದ ಊರಿಗೆ ಕರೆಂಟು ಬಂದದ್ದು ಮಾತ್ರ ಅವರು ತೀರಿಕೊಂಡ ಮೇಲೆ.

ಘಟ್ಟದ ಕೆಳಗೆ

ಮಾವಿನಗುಂಡಿ ದಾಟಿದರೆ ಮಾಲೆಮನೆ ಘಟ್ಟ. ತಿರುವು ತಿರುವಿಗೆ ಗಾಳಿಯ ವಾಸನೆ ಬದಲಾಗುತ್ತದೆ, ಸೆಖೆ ಏರುತ್ತದೆ. ಇದೇ ಘಟ್ಟದ ಸಾಲನ್ನು ಹತ್ತುವಾಗ ದೆಲ್ಲಾ ವಲ್ಲೆ ಒಂದು ದೇವಸ್ಥಾನದ ಜಗಲಿಯಲ್ಲಿ ಹುಡುಗರು ಲೆಕ್ಕ ಕಲಿಯುವುದನ್ನು ಕಂಡು ಬರೆದಿಟ್ಟಿದ್ದಾನೆ. ಕಾಗದವಿಲ್ಲ, ಲೇಖನಿಯಿಲ್ಲ. ನೆಲದ ಮೇಲೆ ನುಣ್ಣನೆ ಮರಳು ಹರವಿ, ರಾಗವಾಗಿ ಹೇಳುತ್ತ ಬೆರಳಿನಲ್ಲಿ ಬರೆಯುವುದು. ನೆಲ ತುಂಬಿದರೆ ಅಳಿಸಿ ಮತ್ತೆ ಮರಳು ಹರವುವುದು. ರಾಜರ ವೈಭವಕ್ಕಿಂತ ಆ ಹುಡುಗರ ಚಿತ್ರವೇ ಅವನ ಬರಹದಲ್ಲಿ ನಮಗೆ ಹೆಚ್ಚು ಹಿಡಿಸುತ್ತದೆ.

ಅವನು ಬರುವ ಹೊತ್ತಿಗೆ ಗೇರುಸೊಪ್ಪೆ ಹಾಳುಬಿದ್ದಿತ್ತು. ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದು ಕರೆದ ಚೆನ್ನಭೈರಾದೇವಿಯ ರಾಜ್ಯವನ್ನು ಇಕ್ಕೇರಿಯವರು 17ನೇ ಶತಮಾನದ ಮೊದಲ ದಶಕದಲ್ಲಿ ಗೆದ್ದುಕೊಂಡಿದ್ದರು. ನಗರಬಸ್ತಿಕೇರಿಯ ಕಾಡಿನಲ್ಲಿ ನಾಲ್ಕು ದಿಕ್ಕಿಗೆ ಬಾಗಿಲು ತೆರೆದ ಚತುರ್ಮುಖ ಬಸದಿ ಈಗಲೂ ನಿಂತಿದೆ. ಸುತ್ತಲಿದ್ದ ಪೇಟೆ ಇಲ್ಲ. ಈ ಕಣಿವೆಯಲ್ಲಿ ಊರು ಖಾಲಿಯಾಗುವುದು ಹೊಸತಲ್ಲ ಎಂದು ಯಾರಾದರೂ ಹೇಳಬಹುದು. ಹೌದು. ಆದರೆ ಅಂದು ಊರು ಬಿಟ್ಟವರು ಸೋತ ಯುದ್ಧದಲ್ಲಿ ಬಿಟ್ಟರು. ನಮ್ಮವರು ಯಾರ ಜೊತೆ ಯುದ್ಧ ಮಾಡಿದ್ದರು?

ಗೇರುಸೊಪ್ಪೆಯಲ್ಲಿ ಈಗ ಇನ್ನೊಂದು ಅಣೆಕಟ್ಟು, ಅದಕ್ಕೆ 240 ಮೆಗಾವಾಟಿನ ಇನ್ನೊಂದು ವಿದ್ಯುದಾಗಾರ. ಇದೇ ಜಲಾಶಯದ ನೀರನ್ನು ಮೇಲಿನ ತಲಕಳಲೆಗೆ ಎತ್ತಿ ಮತ್ತೆ ಇಳಿಸಿ 2000 ಮೆಗಾವಾಟ್ ಪಡೆಯುವ ಪಂಪ್ಡ್ ಸ್ಟೋರೇಜ್ ಯೋಜನೆಗೆ ಘಟ್ಟದ ಮೇಲೂ ಕೆಳಗೂ ವಿರೋಧವಿದೆ. ರಸ್ತೆ ಬದಿಯ ಅಂಗಡಿಯೊಂದರ ಗೋಡೆಯ ಮೇಲೆ ವಿರೋಧದ ಪೋಸ್ಟರ್ ಇತ್ತು. ಅಮ್ಮ ಅದನ್ನು ಓದಿ ಕೇಳಿದ್ದು ಒಂದೇ ಪ್ರಶ್ನೆ: ‘ಇವರಿಗೆ ಪಹಣಿ ಇದೆಯಂತಾ?’

ದೊಡ್ಡಮ್ಮನ ಮನೆ ಹೊನ್ನಾವರದಲ್ಲಿ, ಶರಾವತಿ ಸಮುದ್ರ ಸೇರುವ ಜಾಗಕ್ಕೆ ಹತ್ತಿರ. ಕೊಂಕಣ ರೈಲಿನ ಉದ್ದದ ಸೇತುವೆ ಅಂಗಳದಿಂದಲೇ ಕಾಣುತ್ತದೆ. ಅವರನ್ನು ಮುಳುಗಡೆಗೆ ಮುಂಚೆಯೇ ಘಟ್ಟದ ಕೆಳಗೆ ಕೊಟ್ಟಿದ್ದರು. ಮದುವೆಯಾದ ಎರಡು ವರ್ಷ ದೀಪಾವಳಿಗೆ ತವರಿಗೆ ಹೋದರು. ಮೂರನೇ ವರ್ಷ ತವರು ಇರಲಿಲ್ಲ. ಯಾರು ಎಲ್ಲಿ ಇಳಿದರೆಂದು ತಿಳಿಯಲು ಏಳೆಂಟು ತಿಂಗಳು ಹಿಡಿಯಿತಂತೆ. ‘ಹೊಳೆ ಮಾತ್ರ ನಮ್ಮೂರಿಂದ ಇಲ್ಲಿಗೆ ಬರ್ತಾ ಇತ್ತು. ಸುದ್ದಿ ಬರ್ಲಿಲ್ಲ’ ಎಂದರು.

ಅಕ್ಕತಂಗಿಯರಿಬ್ಬರೂ ಆ ರಾತ್ರಿ ಊರಿನ ಮನೆಗಳನ್ನು ಎಣಿಸಿದರು. ಹೊಳೆಯ ಕಡೆಯಿಂದ ಶುರುಮಾಡಿ ಒಂದೊಂದೇ ಮನೆ, ಅದರ ಯಜಮಾನ, ಅವನ ಮಕ್ಕಳು, ಈಗ ಅವರೆಲ್ಲಿ. ಇಪ್ಪತ್ತಮೂರು ಮನೆಗಳಾದವು. ಒಂದು ಮನೆಯ ವಿಷಯದಲ್ಲಿ ಜಗಳವೂ ಆಯಿತು, ಬಾವಿಯ ಈಚೆಗೋ ಆಚೆಗೋ ಎಂದು. ತಮ್ಮ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡ. ನಾವು ನೋಟ್ ಪುಸ್ತಕದಲ್ಲಿ ನಕ್ಷೆ ಬರೆದುಕೊಂಡೆವು. ಹನ್ನೆರಡು ವರ್ಷ ಸ್ಟ್ರಿಂಗರ್ ಆಗಿ ಮುಳುಗಡೆಯ ಬಗ್ಗೆ ಎಷ್ಟೋ ವರದಿ ಮಾಡಿದ್ದೇವೆ. ಪ್ರತಿಭಟನೆ, ಮನವಿ, ಸಚಿವರ ಭರವಸೆ. ನಮ್ಮ ಮನೆಯೊಳಗಿನ ಈ ದಾಖಲೆಯನ್ನು ಬರೆದುಕೊಂಡದ್ದು ಇದೇ ಮೊದಲು.

ಅಮ್ಮನಿಗೆ ಎಪ್ಪತ್ತೈದು ದಾಟಿದೆ, ದೊಡ್ಡಮ್ಮನಿಗೆ ಎಂಬತ್ತನಾಲ್ಕು. ಕಟ್ಟೆ ತುಂಬುವ ಮೊದಲಿನ ಕಣಿವೆಯನ್ನು ಕಣ್ಣಾರೆ ಕಂಡವರು ಇನ್ನು ಹೆಚ್ಚು ವರ್ಷ ಸಿಗುವುದಿಲ್ಲ. ನಿಮ್ಮ ಮನೆಯಲ್ಲೂ ಅಂಥವರಿದ್ದರೆ ಒಂದು ದಿನ ರಜೆ ಹಾಕಿ ಕುಳಿತು ಕೇಳಿ. ಮನೆಗಳನ್ನು ಎಣಿಸಲು ಹೇಳಿ. ಟ್ರಂಕಿನ ಕಾಗದಗಳಿಗೆ ಗೆದ್ದಲು ಹಿಡಿಯುವ ಮುಂಚೆ ಫೋಟೊ ತೆಗೆದಿಡಿ. ಮುಂದೆ ಯಾವುದಾದರೂ ಕಚೇರಿಯಲ್ಲಿ ಪುರಾವೆ ಕೇಳಿದಾಗ ಇಪ್ಪತ್ತಮೂರು ಮನೆಯ ಹೆಸರು ಹೇಳಬಲ್ಲವರು ನಮ್ಮಲ್ಲಿ ಒಬ್ಬರಾದರೂ ಇರಬೇಕು.

ವಾಪಸು ಬಂದ ಮರುದಿನ ಎಂದಿನಂತೆ ಫೋನ್ ಮಾಡಿ ಲಿಂಗನಮಕ್ಕಿಯ ಮಟ್ಟ ಕೇಳಿ ಕಳಿಸಿದೆವು. ಅದರ ಮರುದಿನ ಪೇಪರಿನಲ್ಲಿ ಆ ಒಂದೂವರೆ ಸಾಲು ಬಂದಿರಲಿಲ್ಲ, ಜಾಹೀರಾತು ಹೆಚ್ಚಿತ್ತಂತೆ. ಅಮ್ಮ ಪುಟ ತಿರುಗಿಸಿ ಮುರುಗಿಸಿ ಹುಡುಕಿ, ಕೊನೆಗೆ ನಮ್ಮನ್ನೇ ಕೇಳಿದರು, ‘ನಿನ್ನೆ ಎಷ್ಟಿತ್ತು?’ ಹೇಳಿದೆವು. ಕ್ಯಾಲೆಂಡರಿನ ಮೂಲೆಯಲ್ಲಿ ಬರೆದಿಟ್ಟುಕೊಂಡರು.